ಗೋಡೆಯ ಮೇಲಿನ ಎರಡು ಅಂಗೈ

ಕಾರ್ಖಾನೆಯ ಒಳಾಂಗಣ ಮೈದಾನದಲ್ಲಿ, ಗ್ಯಾಲರಿಯ ಮೆಟ್ಟಿಲ ಕೆಳಗೆ, ತಲೆ ತಗ್ಗಿಸಿಯೇ ಒಳಹೋಗಬೇಕಾದ ಒಂದು ಕೋಣೆಯಿದೆ. ಹುಡುಗಿಯರ ವಾಲಿಬಾಲ್ ತಂಡದಲ್ಲಿ ಯಾರ ಮಂಡಿ ಊದಿದರೂ, ಯಾರ ಭುಜ ಹಿಡಿದುಕೊಂಡರೂ, ಯಾರ ಪಾದ ಹೊರಳಿದರೂ ಬಂದು ಬೀಳುವುದು ಇಲ್ಲಿಗೇ. ಎತ್ತರದ ಒಂದು ಮಂಚ, ಅದರ ರೆಕ್ಸಿನ್ ಹರಿದಲ್ಲೆಲ್ಲ ಅಂಟುಪಟ್ಟಿ. ಮೂಲೆಯಲ್ಲಿ ಐಸ್ ಪೆಟ್ಟಿಗೆ. ಕಿಟಕಿಯ ಸರಳಿಗೆ ಕಟ್ಟಿದ ರಬ್ಬರ್ ಪಟ್ಟಿಗಳು. ನೆಲದ ಮೇಲೆ ಬಿಳಿ ಬಣ್ಣದಲ್ಲಿ ಗೇಣಿಗೊಂದರಂತೆ ಎಳೆದ ಗೆರೆಗಳು. ಬಾಗಿಲ ಹಿಂದಿನ ಮೊಳೆಯಲ್ಲಿ ಒಂದು ಹಳದಿ ಬನಿಯನ್.

ಆ ಕೋಣೆಯ ಯಜಮಾನಿ ತಂಡದ ಫಿಸಿಯೋ. ಹುಡುಗಿಯರ ಬಾಯಲ್ಲಿ ಅವಳು ತಡಿ ಅಕ್ಕ. ಏನು ಕೇಳಿದರೂ ಅವಳ ಬಾಯಿಂದ ಮೊದಲು ಬರುವ ಮಾತೇ ಅದು. "ಅಕ್ಕ, ನಾಳೆಯಿಂದ ಓಡ್ಲಾ?" "ತಡಿ." "ಅಕ್ಕ, ಐಸ್ ತೆಗೀಲಾ? ಕಾಲು ಮರಗಟ್ಟೋಯ್ತು." "ತಡಿಯೇ, ಈಗ ತಾನೆ ಇಟ್ಟಿದ್ದೀನಿ." ಅವಳ ಗಂಡ ಕಾರ್ಖಾನೆಯ ಬಸ್ ಓಡಿಸುವವನು, ಮಾತಿನ ಮಲ್ಲ. "ನಿಮ್ಮಕ್ಕನ ಬಾಯಿಗೆ ಹೆದರಿ ನಮ್ಮನೇಲಿ ಅಡುಗೇನೂ ತಡೆದು ತಡೆದು ಬೇಯುತ್ತೆ ಕಣ್ರಮ್ಮಾ" ಎಂದು ಹುಡುಗಿಯರನ್ನು ನಗಿಸುವನು. ಅವಳೂ ಬಿಡುವವಳಲ್ಲ. "ಬ್ರೇಕಿಲ್ಲದ ಬಸ್ಸಿಗೆ ನೀವು ಹತ್ತುತೀರಾ? ನಾನು ಈ ತಂಡದ ಬ್ರೇಕು. ತೆಪ್ಪಗೆ ಗೇರ್ ಹಾಕಿ."

ಹಳದಿ ಬನಿಯನ್ನಿಗೆ ಒಂದು ಕಟ್ಟಳೆಯಿತ್ತು. ಮಂಡಿಗೆ ಆಪರೇಷನ್ ಆಗಿ ಮತ್ತೆ ಮೈದಾನಕ್ಕೆ ಬಂದವಳು ಮೊದಲ ದಿನದಿಂದ ಅದನ್ನು ತೊಟ್ಟೇ ಅಭ್ಯಾಸಕ್ಕೆ ನಿಲ್ಲಬೇಕು. ಹಳದಿ ಕಂಡರೆ ಯಾರೂ ಅವಳಿಗೆ ಡಿಕ್ಕಿ ಹೊಡೆಯುವಂತಿಲ್ಲ, ಅವಳನ್ನು ಹಾರಿಸುವಂತಿಲ್ಲ, ಪಂದ್ಯಕ್ಕೆ ಕರೆಯುವಂತಿಲ್ಲ. ಕಾಲು ಸಿದ್ಧವಾಯಿತು ಎಂದು ತಡಿ ಅಕ್ಕನ ಮನಸ್ಸಿಗೆ ಬಂದ ದಿನ ಅವಳೇ ತನ್ನ ಕೈಯಾರ ಅದನ್ನು ಹುಡುಗಿಯ ತಲೆಯ ಮೇಲಿಂದ ತೆಗೆದು ಮೊಳೆಗೆ ನೇತುಹಾಕುವಳು. ಕಾಗದ ಪತ್ರ ಏನೂ ಬೇಡ. ಬನಿಯನ್ ಮೊಳೆಗೆ ಬಂತೆಂದರೆ ಹುಡುಗಿ ಆಟಕ್ಕೆ ಬಂದಳು. ಅವಳು ಬಿಟ್ಟು ಬೇರೆ ಯಾರೂ ಅದಕ್ಕೆ ಕೈ ಹಾಕಿದ್ದಿಲ್ಲ.

ಆ ವರ್ಷ ಬನಿಯನ್ ಸ್ಪ್ರಿಂಗಿಯ ಮೈಮೇಲಿತ್ತು.

ಸ್ಪ್ರಿಂಗಿ ತಂಡದ ಮುಖ್ಯ ಹೊಡೆತಗಾರ್ತಿ. ನೆಟ್ಟಿನ ಮೇಲೆ ಸೊಂಟದವರೆಗೆ ಕಾಣುವಷ್ಟು ಹಾರುತ್ತಿದ್ದಳು, ಹೆಸರು ಬಂದದ್ದು ಹಾಗೆ. ಹಿಂದಿನ ಹಂಗಾಮಿನಲ್ಲಿ ಒಂದು ಪಂದ್ಯದಲ್ಲಿ ಚೆಂಡು ಹೊಡೆದು ಇಳಿಯುವಾಗ ಎಡಗಾಲಿನ ಮೇಲೆ ವಾಲಿ ಬಿದ್ದಳು. ಪಟ್ ಎಂದ ಸದ್ದು ಬೆಂಚಿನವರೆಗೆ ಕೇಳಿಸಿತು. ಮಂಡಿಯೊಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಹುರಿಯಂಥ ಲಿಗಮೆಂಟು ಹರಿದಿತ್ತು. ಡಾಕ್ಟರು ತೊಡೆಯ ಹಿಂಬದಿಯಿಂದ ಒಂದೆಳೆ ತೆಗೆದು ಅಲ್ಲಿ ಹೊಸ ಹುರಿ ಕೂರಿಸಿದರು. ಕಳಿಸುವಾಗ ಹೇಳಿದ್ದು ಇಷ್ಟು: "ಕಡಿಮೆ ಅಂದ್ರೂ ಒಂಬತ್ತು ತಿಂಗಳು. ಆಮೇಲೂ ಕಾಲು ಪರೀಕ್ಷೆ ಮಾಡಿಯೇ ಬಿಡಿ." ಈ ಮಾತು ಕೋಚಿನ ಕಿವಿಗೆ ಬೀಳುವ ಹೊತ್ತಿಗೆ "ಕಡಿಮೆ ಅಂದ್ರೂ" ಎಂಬುದು ದಾರಿಯಲ್ಲೇ ಉದುರಿಹೋಗಿತ್ತು. ಪರೀಕ್ಷೆಯ ಮಾತಂತೂ ಹೊರಟೇ ಇರಲಿಲ್ಲ.

ಕೋಚಿಗೆ ಹುಡುಗಿಯರು ಇಟ್ಟ ಹೆಸರು ಸೀಟಿ ಸಾರ್. ಕೊರಳಲ್ಲಿ ಸದಾ ಸೀಟಿ. ಬಾಯಲ್ಲಿ ಮಾತಿಗಿಂತ ಅದೇ ಹೆಚ್ಚು. ಕೆಟ್ಟ ಮನುಷ್ಯನಲ್ಲ, ಆದರೆ ಗೆಲುವು ಎಂದರೆ ಹಸಿದವನಿಗೆ ಊಟದ ವಾಸನೆ ಬಂದಂತೆ. ಆ ಸಲ ತಂಡ ಬಹಳ ವರ್ಷಗಳ ಮೇಲೆ ಫೈನಲ್ ತಲುಪಿತ್ತು. ಭಾನುವಾರ ಪಂದ್ಯ. ದೊಡ್ಡ ತಂಡಕ್ಕೆ ಆಟಗಾರ್ತಿಯರನ್ನು ಆರಿಸುವವರು ನೋಡಲು ಬರುತ್ತಾರೆಂಬ ಸುದ್ದಿಯೂ ಇತ್ತು. ಅವನು ದಿನಕ್ಕೆರಡು ಸಲ ತಲೆ ತಗ್ಗಿಸಿಕೊಂಡು ಕೋಣೆಯೊಳಗೆ ಬರತೊಡಗಿದ.

"ಏನಕ್ಕ, ಒಂಬತ್ತು ತಿಂಗಳಾಯ್ತಲ್ಲ! ಒಂಬತ್ತು ತಿಂಗಳಲ್ಲಿ ಮಗೂನೇ ಹುಟ್ಟುತ್ತೆ, ಒಂದು ಮಂಡಿ ಆಗಲ್ವಾ?"

"ಹುಟ್ಟಿದ ಮಗು ಅವತ್ತೇ ಎದ್ದು ವಾಲಿಬಾಲ್ ಆಡುತ್ತೇನ್ರೀ ಸಾರ್?"

ಮಂಚದ ಮೇಲಿದ್ದ ಸ್ಪ್ರಿಂಗಿ ಕಿಸಕ್ಕೆಂದಳು. ಸೀಟಿ ಸಾರ್ ನಗಲಿಲ್ಲ. "ಪರೀಕ್ಷೆ ಮಾಡ್ತೀನಿ ಅಂತೀರಲ್ಲ, ಇವತ್ತೇ ಮಾಡಿ. ಪಾಸಾದ್ರೆ ಬನಿಯನ್ ತೆಗೀಬೇಕು. ಮಾತು ಮಾತೇ."

ಪರೀಕ್ಷೆ ಎಂದರೆ ಕುಂಟಾಬಿಲ್ಲೆ ಆಟಕ್ಕೆ ಅಕ್ಕನಂಥದ್ದು. ಬಿಳಿ ಗೆರೆಯ ಹಿಂದೆ ಒಂಟಿ ಕಾಲಲ್ಲಿ ನಿಲ್ಲಬೇಕು, ಆದಷ್ಟು ದೂರ ಹಾರಿ ಅದೇ ಕಾಲಲ್ಲಿ ಇಳಿದು ಅಲುಗದೆ ನಿಲ್ಲಬೇಕು. ಮೊದಲು ಒಳ್ಳೆಯ ಕಾಲು, ಆಮೇಲೆ ಆಪರೇಷನ್ ಆದ ಕಾಲು. ಎರಡೂ ಹೆಚ್ಚುಕಡಿಮೆ ಒಂದೇ ಗೆರೆಗೆ ಮುಟ್ಟಿದರೆ ಕಾಲು ಸರಿಹೋಯಿತೆಂದು ಲೆಕ್ಕ. ಸ್ಪ್ರಿಂಗಿ ಬಲಗಾಲಲ್ಲಿ ಹಾರಿದಳು. ಎಡಗಾಲಲ್ಲಿ ಹಾರಿದಳು. ಎರಡೂ ಒಂದೇ ಗೆರೆ. ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗಿಯರು ಚಪ್ಪಾಳೆ ಹೊಡೆದರು. ಸೀಟಿ ಸಾರ್ ಖುಷಿಗೆ ಸೀಟಿಯನ್ನೇ ಊದಿಬಿಟ್ಟ. ಆ ಗೂಡಿನಂಥ ಕೋಣೆಯಲ್ಲಿ ಎಲ್ಲರ ಕಿವಿಯೂ ಗುಯ್ಯೆಂದಿತು.

"ನಾಳೆ ಬನಿಯನ್ ತೆಗೀತೀನಿ" ಎಂದಳು ತಡಿ ಅಕ್ಕ. ಅಪರೂಪಕ್ಕೆ ಅವಳ ಬಾಯಲ್ಲಿ "ತಡಿ" ಬರಲಿಲ್ಲ. ಹುಡುಗಿ ಅವಳನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಆಪರೇಷನ್ ಆದ ಹೊಸತರಲ್ಲಿ ಕಾಲು ಎತ್ತಲಾರದೆ ಇದೇ ಮಂಚದ ಮೇಲೆ ಅತ್ತ ಹುಡುಗಿ. ಅವಳ ತಲೆ ಸವರುವಾಗ ತಡಿ ಅಕ್ಕನ ಕಣ್ಣೂ ಒದ್ದೆಯಾಯಿತು.

ಸಂಜೆ ಬಸ್ಸು ಗೇಟಿನ ಹೊರಗೆ ನಿಂತಿತ್ತು. ತಡಿ ಅಕ್ಕ ಗಂಡನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬಸ್ಸು ಹೊರಟಿತೆನ್ನುವಾಗ ಸ್ಪ್ರಿಂಗಿ ಚೀಲ ಬೀಸುತ್ತ ಓಡಿಬಂದಳು. ನಡುವೆ ಅಗಲವಾದ ಚರಂಡಿ. ಉಳಿದವರೆಲ್ಲ ಹಲಗೆಯ ಮೇಲೆ ದಾಟಿ ಬಂದಿದ್ದರು. ಇವಳು ಹಲಗೆಯ ಕಡೆ ತಿರುಗಿಯೂ ನೋಡಲಿಲ್ಲ. ಬಲಗಾಲು ಊರಿ ಒಂದೇ ನೆಗೆತಕ್ಕೆ ಚರಂಡಿ ದಾಟಿ, ಎರಡೂ ಕಾಲಲ್ಲಿ ಇಳಿದು, ಬಸ್ಸಿನ ಕಂಬಿ ಹಿಡಿದಳು.

"ಅಬ್ಬಬ್ಬಾ! ಹಕ್ಕಿ ಹಾರಿದ ಹಾಗೆ ಹಾರಿದ್ಲಲ್ಲೇ ನಿನ್ನ ಹುಡುಗಿ" ಎಂದ ಗಂಡ ಕನ್ನಡಿಯಲ್ಲಿ ನೋಡುತ್ತ.

ತಡಿ ಅಕ್ಕ ಆ ಕಾಲನ್ನೇ ನೋಡಿದಳು. ಮಧ್ಯಾಹ್ನ ಗೆರೆಯ ಮೇಲೆ ಅಷ್ಟು ಸಾಧುವಾಗಿ, ಅಷ್ಟು ಹತ್ತಿರದಲ್ಲಿ ಇಳಿದ ಬಲಗಾಲು ಇದೇನಾ? ಓಡಿಬಂದು ಹಾರುವುದು ಬೇರೆ, ನಿಂತು ಹಾರುವುದು ಬೇರೆ ಎಂಬುದು ಅವಳಿಗೆ ಗೊತ್ತು. ಆದರೂ ಮಧ್ಯಾಹ್ನ ಬಲಗಾಲಲ್ಲಿ ಹಾರುವಾಗ ಹುಡುಗಿಯ ಕೈಗಳು ಬೀಸಿರಲಿಲ್ಲ, ಉಸಿರು ಕಟ್ಟಿರಲಿಲ್ಲ, ಇಳಿದಾಗ ನೆಲ ಸದ್ದು ಮಾಡಿರಲಿಲ್ಲ. ಎಡಗಾಲಿನ ಸರದಿ ಬಂದಾಗ ಮಾತ್ರ ಹಲ್ಲು ಕಚ್ಚಿ, ತೋಳು ಬೀಸಿ, ಮೈಯೆಲ್ಲ ಹಿಂಡಿ ಹಾರಿದ್ದಳು. ಕೆಟ್ಟ ಕಾಲು ಒಳ್ಳೆಯ ಕಾಲಿನ ಮಟ್ಟಕ್ಕೆ ಏರಿರಲಿಲ್ಲ. ಒಳ್ಳೆಯ ಕಾಲನ್ನೇ ಕೆಟ್ಟ ಕಾಲಿನ ಮಟ್ಟಕ್ಕೆ ಇಳಿಸಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಸುಳ್ಳು ಹೇಳಿದ್ದಕ್ಕಿಂತ, ಅದನ್ನು ಇಷ್ಟು ನಾಜೂಕಾಗಿ ಹೇಳಲು ಆ ಹುಡುಗಿಗೆ ಯಾರು ಕಲಿಸಿದರು ಎಂಬ ಉರಿ ಅವಳಿಗೆ. ಗೆರೆಯ ಲೆಕ್ಕ ಬಲ್ಲವರಿಗೆ ಮಾತ್ರ ಹೊಳೆಯುವ ಮೋಸ ಅದು.

ಮರುದಿನ ಬೆಳಿಗ್ಗೆ ಅವಳು ಸೀದಾ ಹೋದದ್ದು ಚೆಂಡಿನ ಉಗ್ರಾಣಕ್ಕೆ. ಅಲ್ಲಿ ಕ್ಯಾಪ್ಟನ್ ಸ್ಟೂಲಿನ ಮೇಲೆ ಕೂತು ಚೆಂಡಿಗೆ ಗಾಳಿ ತುಂಬುತ್ತಿದ್ದಳು. ಹಿಂದೊಮ್ಮೆ ತಂಡದ ನಾಯಕಿ, ಈಗ ಸೀಟಿ ಸಾರ್‌ಗೆ ಸಹಾಯಕಿ. ಹುಡುಗಿಯರಿಗೆ ಈಗಲೂ ಕ್ಯಾಪ್ಟನ್ನೇ. ಅವಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರಲಾರಳು. ಅವಳಿಗೂ ಮಂಡಿಯ ಆಪರೇಷನ್ ಆಗಿತ್ತು, ಅವಳ ಬನಿಯನ್ನನ್ನೂ ತಡಿ ಅಕ್ಕನೇ ತೆಗೆದಿದ್ದಳು. ಮೈದಾನಕ್ಕೆ ಮರಳಿ ಎರಡನೆಯ ಪಂದ್ಯದಲ್ಲೇ ಅದೇ ಮಂಡಿ ಮತ್ತೆ ಹರಿದು ಆಟ ಅಲ್ಲಿಗೇ ಮುಗಿದಿತ್ತು. ಆ ದಿನದಿಂದ ಕ್ಯಾಪ್ಟನ್ ಕುಂಟುತ್ತ ಎದುರಿಗೆ ಬಂದಾಗಲೆಲ್ಲ ತಡಿ ಅಕ್ಕನ ಎದೆ ಚುರ್ರೆನ್ನುತ್ತಿತ್ತು. ನನ್ನ ಕಣ್ಣೇ ತಪ್ಪಿತು, ನನ್ನ ಕೈಯೇ ಕೆಟ್ಟದ್ದು ಎಂದು.

"ಯಾರೇ ಕಲಿಸಿದ್ದು ಆ ಹುಡುಗಿಗೆ?"

"ಏನನ್ನಕ್ಕ?"

"ಒಳ್ಳೆ ಕಾಲನ್ನ ಕಟ್ಟಿಹಾಕಿ ಹಾರೋದನ್ನ."

ಪಂಪಿನ ಸದ್ದು ನಿಂತಿತು. ಕ್ಯಾಪ್ಟನ್ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಅದರ ಹೊಲಿಗೆ ಸವರಿದಳು. "ಅಕ್ಕ, ನಿಮಗೆ ನಿಜವಾಗ್ಲೂ ಗೊತ್ತಿರಲಿಲ್ವಾ? ನಾವೆಲ್ಲಾ ಹಾಗೇ ಮಾಡಿರೋದು. ಒಬ್ಬಳು ಇನ್ನೊಬ್ಬಳಿಗೆ ಹೇಳಿಕೊಡ್ತಾ ಬಂದಿದ್ದು. ಅಕ್ಕನಿಗೆ ಗೊತ್ತು, ಗೊತ್ತಿದ್ದೂ ಕಣ್ಣು ಮುಚ್ಕೊಂಡು ಬಿಡ್ತಾರೆ ಅಂತಲೇ ಅಂದ್ಕೊಂಡಿದ್ವಿ."

"ನಾವೆಲ್ಲಾ ಅಂದ್ರೆ ಯಾರ್ಯಾರು?"

"ನಾನೂ ಸೇರಿ."

ತಡಿ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನೀನೂ ಸೇರಿ! ಅಲ್ಲ ಕಣೇ, ನಿನ್ನ ಕಾಲು ಹೋಯ್ತಲ್ಲ ಅಂತ ನಾನು ಇಷ್ಟು ವರ್ಷ ನನ್ನನ್ನೇ ಬೈಕೊಂಡೆ. ಊಟದ ತಟ್ಟೆ ಮುಂದೆ ಬೈಕೊಂಡೆ. ನಮ್ಮೆಜಮಾನ್ರನ್ನ ಕೇಳು ಹೋಗು. ನೀನು ಅದನ್ನ ನೋಡ್ತಾ ನೋಡ್ತಾ ಒಂದು ಮಾತು ಅನ್ನಲಿಲ್ಲ. ಹೋಗ್ಲಿ, ನಿನ್ನ ಕಾಲು, ನಿನ್ನಿಷ್ಟ. ನಿನಗೆ ಹಳ್ಳ ತೋರಿಸಿದ ದಾರೀನೇ ಆ ಮಗೂಗೂ ತೋರಿಸ್ತೀಯಲ್ಲ, ನಿನಗೆ ಹೇಗೆ ಮನಸ್ಸು ಬಂತೇ?"

"ಅವಳು ಅತ್ತಳಕ್ಕ. ಆರಿಸೋರು ಬರ್ತಾರೆ, ಇದೊಂದೇ ಸಲ ಅಂತ ಕಾಲು ಹಿಡಿದ್ಲು. ಎಲ್ಲರಿಗೂ ನನ್ನ ಹಾಗೆ ಆಗಲ್ಲ ಅಲ್ವಾ?"

"ಆಗದೇ ಇದ್ದವರ ಹೆಸರು ಹೇಳ್ತೀಯ. ಆದವರು ಎಲ್ಲಿದ್ದಾರೆ ಅಂತ ನಿನ್ನ ಕಾಲನ್ನೇ ಕೇಳ್ಕೋ" ಎಂದು ತಡಿ ಅಕ್ಕ ಹೊರಟುಬಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು, ಆದರೆ ತಿರುಗಿ ನೋಡಲಿಲ್ಲ. ಕೋಪ ಅಷ್ಟಿತ್ತು.

ಮೈದಾನಕ್ಕೆ ಬಂದರೆ ಇನ್ನೊಂದು ಆಟ ನಡೆದಿತ್ತು. ನೆಟ್ಟು ಕಟ್ಟಿದ್ದರು. ಹುಡುಗಿಯರು ಎರಡು ಗುಂಪಾಗಿ ನಿಂತಿದ್ದರು. ಮುಂದಿನ ಸಾಲಿನಲ್ಲಿ ಸ್ಪ್ರಿಂಗಿ. ಮೈಮೇಲೆ ಹಳದಿ ಇಲ್ಲ. ಹಳದಿ ಬನಿಯನ್ ಸೀಟಿ ಸಾರ್‌ನ ಹೆಗಲ ಮೇಲೆ, ಕೈ ಒರೆಸುವ ಬಟ್ಟೆಯ ಹಾಗೆ ಬಿದ್ದಿತ್ತು.

"ಆ ಬನಿಯನ್ ತೆಗೆದವರು ಯಾರು?" ತಡಿ ಅಕ್ಕನ ದನಿಗೆ ಆಡುತ್ತಿದ್ದ ಚೆಂಡು ತಾನಾಗಿ ನೆಲಕ್ಕೆ ಬಿತ್ತು.

"ನೀವು ಬರೋದು ತಡವಾಯ್ತು ಅಕ್ಕ, ನಾನೇ ತೆಗೆದೆ. ನಿನ್ನೆ ಪಾಸ್ ಆಯ್ತಲ್ಲ. ಬಟ್ಟೆ ಬಿಚ್ಚೋಕೂ ಮುಹೂರ್ತ ನೋಡ್ಬೇಕಾ?"

"ಪಾಸ್ ಆಗಿದ್ದು ಕಾಲಲ್ಲ ಸಾರ್, ಸುಳ್ಳು." ಅವಳು ಹುಡುಗಿಯ ಕಡೆ ತಿರುಗಿದಳು. "ನಿನ್ನೆ ಚರಂಡಿ ಹಾರಿದ ಕಾಲು ಗೆರೆ ಮೇಲೆ ಯಾಕೆ ಹಾರಲಿಲ್ಲ, ನೀನೇ ಹೇಳು."

ಸ್ಪ್ರಿಂಗಿಯ ಮುಖ ಸುಣ್ಣವಾಯಿತು. ಆಮೇಲೆ ಕೆಂಡವಾಯಿತು. "ನನ್ನ ಕಾಲು ಅಕ್ಕ. ನಂಗೆ ಗೊತ್ತಾಗುತ್ತೆ. ನೋವಿಲ್ಲ, ಊತ ಇಲ್ಲ, ಇನ್ನೇನು ಬೇಕು? ನಿಮಗೇನು, ತಡಿ ಅಂದ್ರೆ ಮುಗೀತು. ನಿಮ್ಮ ಕೆಲಸ ಎಲ್ಲೂ ಹೋಗಲ್ಲ. ಭಾನುವಾರ ಹೋದ್ರೆ ನಂದು ಹೋಯ್ತು."

"ನೋವಿಲ್ಲ ಅನ್ನೋದು ದೊಡ್ಡ ವಿಷಯ ಅಲ್ಲ ಕಣಮ್ಮ. ಹಗ್ಗ ತುಂಡಾಗೋ ಮೊದಲು ಹಗ್ಗಕ್ಕೆ ನೋವಾಗುತ್ತಾ?"

"ಹಾಗಾದ್ರೆ ಮತ್ತೆ ಹಾರಿಸಿ" ಎಂದ ಸೀಟಿ ಸಾರ್. "ಈ ಸಲ ಜೋರಾಗಿ ಹಾರ್ತಾಳೆ. ನೀವೇ ಮುಂದೆ ನಿಂತ್ಕೊಳ್ಳಿ."

ತಡಿ ಅಕ್ಕ ಮಾತಿಗೆ ಸಿಕ್ಕಿಬಿದ್ದಳು. ಜೋರಾಗಿ ಹಾರಿದಳೋ ಇಲ್ಲವೋ ಎಂದು ಹೇಳುವುದಾದರೂ ಹೇಗೆ? ಹುಡುಗಿಯ ಒಳ್ಳೆಯ ಕಾಲಿನ ನಿಜ ಹುಡುಗಿಗೆ ಮಾತ್ರ ಗೊತ್ತು. ತನ್ನ ಗೆರೆಗಳನ್ನು ತಾನೇ ಬೈದುಕೊಳ್ಳುತ್ತ ಸುತ್ತ ನೋಡಿದಳು. ಆಗ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ್ದ ಮ್ಯಾಟುಗಳ ಮೇಲೆ, ಗೋಡೆಯಲ್ಲಿ, ನೀಲಿ ಬಣ್ಣದ ಬೆರಳ ತುದಿಗಳು ಇಣುಕುತ್ತಿದ್ದುದು ಕಣ್ಣಿಗೆ ಬಿತ್ತು.

ಅದು ಹುಡುಗಿಯರದೇ ಒಂದು ಆಟ. ತಂಡಕ್ಕೆ ಹೊಸದಾಗಿ ಸೇರಿದವಳು ಅಂಗೈಗೆ ನೀಲಿ ಬಣ್ಣ ಬಳಿದುಕೊಂಡು ಗೋಡೆಯ ಪಕ್ಕ ನಿಲ್ಲಬೇಕು. ಎಡಗಾಲೊಂದರಲ್ಲೇ ಹಾರಿ ಎಡಗೈ ಹೊಡೆಯಬೇಕು, ಬಲಗಾಲೊಂದರಲ್ಲೇ ಹಾರಿ ಬಲಗೈ. ಕೆಳಗೆ ಅಂಗಿಯ ನಂಬರು. ಬಿದ್ದವಳು ಎಲ್ಲರಿಗೂ ಚಹಾ ಕುಡಿಸಬೇಕು. ದೊಡ್ಡವರಾರೂ ಅದನ್ನು ಲೆಕ್ಕಕ್ಕೆ ಇಟ್ಟವರಲ್ಲ. ಗೋಡೆ ಕೊಳಕಾಯಿತೆಂದು ಸೀಟಿ ಸಾರ್ ಅದಕ್ಕೆ ಮ್ಯಾಟು ಅಡ್ಡ ಪೇರಿಸಿದ್ದ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದ ಅಳತೆ! ಕಾಲು ಕೆಡುವ ಮೊದಲಿನ ಅಳತೆ! ತಡಿ ಅಕ್ಕನಿಗೆ ತನ್ನ ಮೇಲೂ ಸಿಟ್ಟು ಬಂತು.

"ಎಳೀರೇ ಆ ಮ್ಯಾಟುಗಳನ್ನ."

ಹುಡುಗಿಯರು ಮುಖ ಮುಖ ನೋಡಿಕೊಂಡು ಎಳೆದರು. ಧೂಳು ಎದ್ದಿತು. ಗೋಡೆಯ ತುಂಬ ಅಂಗೈಗಳು, ಮಾಸಿದವು, ಹೊಸವು. ಸ್ಪ್ರಿಂಗಿಯ ಜೋಡಿ ಎಲ್ಲಕ್ಕಿಂತ ಮೇಲಿತ್ತು, ಎರಡೂ ಒಂದೇ ಮಟ್ಟದಲ್ಲಿ.

"ನನ್ನ ಗೆರೆ ಬೇಡ, ನನ್ನ ಮಾತೂ ಬೇಡ. ಅದು ನೀನೇ ಹೊಡೆದ ಕೈ. ಅದನ್ನ ಮುಟ್ಟು. ಮುಟ್ಟಿದರೆ ನಾನೇ ಭಾನುವಾರ ನಿನ್ನ ಚೀಲ ಹೊತ್ಕೊಂಡು ಬರ್ತೀನಿ."

ಸ್ಪ್ರಿಂಗಿ ಅಂಗೈಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡಳು. ಬಲಗಾಲಲ್ಲಿ ಹಾರಿದಳು. ಈ ಸಲ ಕಾಲು ಸುಳ್ಳು ಹೇಳಲಿಲ್ಲ. ಬಿಳಿ ಕೈ ನೀಲಿ ಕೈಗಿಂತ ಬೆರಳಗಲ ಮಾತ್ರ ಕೆಳಗೆ ಬಿತ್ತು. ಇಷ್ಟು ತಿಂಗಳು ಕೂತ ಮೈಗೆ ಅದು ಸಹಜವೇ. ಹುಡುಗಿಯರು "ಹೋ" ಎಂದರು. ಆಮೇಲೆ ಎಡಗಾಲು. ಹಲ್ಲು ಕಚ್ಚಿದಳು, ತೋಳು ಬೀಸಿದಳು, ಹಾರಿದಳು. ಬಿಳಿ ಕೈ ನೀಲಿ ಕೈಗಿಂತ ಗೇಣಿಗೂ ಹೆಚ್ಚು ಕೆಳಗೆ ಬಿತ್ತು. ಇಳಿಯುವಾಗ ಮಂಡಿ ಒಳಕ್ಕೆ ವಾಲಿತು, ಅವಳು ಗೋಡೆ ಹಿಡಿದುಕೊಂಡಳು. "ಇನ್ನೊಂದ್ಸಲ" ಎಂದಳು. ಮತ್ತೆ ಅಷ್ಟೇ. "ಇನ್ನೊಂದ್ಸಲ." ತಡಿ ಅಕ್ಕ ಅವಳ ರಟ್ಟೆ ಹಿಡಿದು ನಿಲ್ಲಿಸಿದಳು.

ಸೀಟಿ ಸಾರ್ ಗಂಟಲು ಸರಿಮಾಡಿಕೊಂಡ. "ಗೋಡೆ ಮುಟ್ಟೋದೇನು ವಾಲಿಬಾಲಾ? ಹಾರಿಸಲ್ಲ ಬಿಡಿ. ಹಿಂದಿನ ಸಾಲಲ್ಲಿ ನಿಲ್ಲಿಸ್ತೀನಿ, ಸರ್ವ್ ಮಾಡ್ಲಿ ಸಾಕು. ಅವಳು ಅಂಗಳದಲ್ಲಿದ್ದಾಳೆ ಅಂದ್ರೇನೇ ಎದುರಿನವರಿಗೆ ನಡುಕ."

ಅಲ್ಲಿಗೆ ತಡಿ ಅಕ್ಕನ ತಾಳ್ಮೆಯ ಕಟ್ಟೆ ಒಡೆಯಿತು.

"ಸರ್ವ್ ಮಾಡ್ಲಿ ಸಾಕು! ಚೆಂಡು ತಲೆ ಮೇಲೆ ಬಂದ್ರೆ ಇವಳು ಹಾರದೆ ಕೈಕಟ್ಟಿ ನಿಲ್ತಾಳಾ? ಇವಳ ಹೆಸರೇ ಸ್ಪ್ರಿಂಗಿ! ಹಾರ್ತಾಳೆ, ಇಳೀತಾಳೆ, ಹರಿಯುತ್ತೆ. ಆಗ ನೀವೆಲ್ಲಾ ಸೇರಿ ಇವಳನ್ನ ಹೆಗಲ ಮೇಲೆ ಹೊತ್ತು ಅಂಗಳ ಸುತ್ತುತೀರಿ, ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ, ಫೋಟೋ ತೆಗೀತಾರೆ. ಚಪ್ಪಾಳೆ ಮುಗಿದ ಮೇಲೆ ಇವಳನ್ನ ಬಚ್ಚಲಿಗೆ ಹೊತ್ಕೊಂಡು ಹೋಗೋರು ಯಾರ್ರೀ ಸಾರ್? ನೀವು ಹೋಗ್ತೀರಾ? ಇವಳ ತಾಯಿ ಹೋಗ್ತಾಳೆ. ಇವಳು ಬಂದು ನನ್ನ ಮಂಚದ ಮೇಲೆ ಅಳ್ತಾಳೆ. ನಿಮ್ಮ ಫೈನಲ್ಲು ಒಂದು ಮಧ್ಯಾಹ್ನದ್ದು. ಇವಳ ಕಾಲು ಇವಳು ಸಾಯೋವರೆಗೂ ಬೇಕು. ನಂಬಿಕೆ ಇಲ್ಲದಿದ್ರೆ ಅಲ್ಲಿ ನೋಡಿ!"

ಬೆರಳು ತೋರಿಸಿದ ಕಡೆ ಉಗ್ರಾಣದ ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದಳು, ಒಂದು ಕಾಲಿನ ಮೇಲೆ ಭಾರ ಬಿಟ್ಟು, ಇನ್ನೊಂದನ್ನು ನೆಲಕ್ಕೆ ತಾಗಿಸಿ. ಅವಳು ತಲೆ ತಗ್ಗಿಸಲಿಲ್ಲ. ಕುಂಟುತ್ತ ಅಷ್ಟೂ ಅಂಗಳ ದಾಟಿ ಬಂದು ಸ್ಪ್ರಿಂಗಿಯ ಎದುರು ನಿಂತಳು.

"ನಾನು ಹೇಳಿಕೊಟ್ಟಿದ್ದು ತಪ್ಪು ಕಣೇ. ಕೇಳ್ಬೇಡ ನನ್ನ ಮಾತು."

ಸ್ಪ್ರಿಂಗಿ ಗೋಡೆಯ ಮೇಲಿನ ನೀಲಿ ಎಡಗೈಯನ್ನು ನೋಡಿದಳು. ಅದರ ಕೆಳಗೆ ಬಿಳಿ ಕೈಗಳು, ಒಂದರ ಮೇಲೊಂದು. ಆಮೇಲೆ ಸೀಟಿ ಸಾರ್‌ನ ಹೆಗಲಿಂದ ಬನಿಯನ್ ಕಿತ್ತುಕೊಂಡು, ತಲೆಯ ಮೇಲಿಂದ ತೊಟ್ಟುಕೊಂಡು, ಯಾರ ಮುಖವನ್ನೂ ನೋಡದೆ ಗ್ಯಾಲರಿಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಅವಳ ಬೆನ್ನು ಕುಲುಕುತ್ತಿತ್ತು.

ಭಾನುವಾರ ತಂಡ ಸೋತಿತು. ಕೊನೆಯ ಸೆಟ್ಟಿನವರೆಗೆ ಹೋಗಿ ಸೋತಿತು, ಅದು ಇನ್ನೂ ಕೆಟ್ಟದ್ದು. ಬಸ್ಸಿನಲ್ಲಿ ತಡಿ ಅಕ್ಕನ ಪಕ್ಕ ಯಾರೂ ಕೂರಲಿಲ್ಲ. ಸೀಟಿ ಸಾರ್ ಹಿಂದಿನ ಸೀಟಿನವರೆಗೂ ಕೇಳುವಂತೆ, "ಕೆಲವರು ಇರ್ತಾರೆ, ತಾವೂ ಗೆಲ್ಲಲ್ಲ, ಗೆಲ್ಲೋರನ್ನೂ ಬಿಡಲ್ಲ" ಎಂದ. ಗಂಡ ಸ್ಟೇರಿಂಗ್ ಹಿಡಿದವನು ತಿರುಗದೆಯೇ, "ಸಾರ್, ಮುಂದೆ ರೋಡ್ ಹಂಪ್ ಇದೆ, ಬಾಯಿ ಮುಚ್ಕೊಂಡು ಕೂತ್ಕೊಳ್ಳಿ, ನಾಲಿಗೆ ಕಚ್ಕೋತೀರ" ಎಂದ. ಹಂಪು ಎಲ್ಲೂ ಇರಲಿಲ್ಲ.

ಸ್ವಲ್ಪ ದೂರ ಹೋದಮೇಲೆ ಕ್ಯಾಪ್ಟನ್ ಕಂಬಿ ಹಿಡಿಯುತ್ತ ಬಂದು ಪಕ್ಕದಲ್ಲಿ ಕೂತಳು. ಮಡಚಲಾಗದ ಕಾಲನ್ನು ನಡುದಾರಿಗೆ ಚಾಚಿದಳು.

"ಅಕ್ಕ, ನನ್ನ ಕೈಯೂ ಇತ್ತಲ್ಲ ಆ ಗೋಡೆ ಮೇಲೆ. ನಂಗ್ಯಾಕೆ ಅವತ್ತು ಮುಟ್ಟಿಸಲಿಲ್ಲ?"

"ನೀನು ಸುಳ್ಳು ಹಾರ್ತೀಯ ಅಂತ ನಂಗೇನು ಕನಸು ಬಿದ್ದಿತ್ತಾ?" ಎಂದಳು ತಡಿ ಅಕ್ಕ ಸಿಡುಕಿನಿಂದ. ಅಂದವಳೇ ತನ್ನ ಚೀಲವನ್ನು ಆ ಮಂಡಿಯ ಕೆಳಗೆ ಆನಿಕೆಗೆ ಇಟ್ಟಳು, ದಾರಿಯುದ್ದಕ್ಕೂ ಅವಳ ಒಂದು ಕೈ ಆ ಮಂಡಿಯ ಮೇಲೇ ಇತ್ತು.

ಸೋಮವಾರ ಕೋಣೆಯ ಬಾಗಿಲು ತೆರೆಯುವ ಮೊದಲೇ ಸ್ಪ್ರಿಂಗಿ ಬಂದು ನಿಂತಿದ್ದಳು. ಹಳದಿ ಬನಿಯನ್, ಗಂಟು ಮೋರೆ. ಆರಿಸುವವರು ಎದುರಿನ ತಂಡದಿಂದ ಇಬ್ಬರನ್ನು ಆರಿಸಿಕೊಂಡು ಹೋಗಿದ್ದರು. ನಮಸ್ಕಾರ ಇಲ್ಲ, ಅಕ್ಕ ಎಂಬ ಕರೆ ಇಲ್ಲ. ಮರದ ಮಣೆ ಎಳೆದುಕೊಂಡು ಹತ್ತಿ ಇಳಿಯುವ ವ್ಯಾಯಾಮಕ್ಕೆ ತೊಡಗಿದಳು. ಧಡ್ ಧಡ್ ಎಂದು ಮಣೆ ಒಡೆಯುವಂತೆ ಬಲಗಾಲು ಕುಟ್ಟುತ್ತಿದ್ದಳು. ಎಡಗಾಲು ಬಂದಾಗ ಮೆಲ್ಲಗೆ ಇಡುತ್ತಿದ್ದಳು.

ತಡಿ ಅಕ್ಕ ಐಸ್ ಒಡೆಯುತ್ತಲೇ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಸಿಟ್ಟಿಗೆ ಅವಳದೇನೂ ಅಭ್ಯಂತರವಿರಲಿಲ್ಲ. ಅವಳ ಹೊಟ್ಟೆಯಲ್ಲೂ ಅದು ಆರಿರಲಿಲ್ಲ.

"ತಡಿ" ಎಂದಳು. "ನನ್ನ ಮೇಲೆ ಕೋಪ ಇದ್ರೆ ಇರಲಿ. ಎರಡು ಕಾಲಿಗೂ ಸಮ ಹಂಚು."

ಸ್ಪ್ರಿಂಗಿ ಮೂಗು ಸೆಳೆದುಕೊಂಡು, ಎಡಗಾಲು ಎತ್ತಿ, ಮಣೆಯ ಮೇಲೆ ಧಡ್ ಎಂದು ಇಟ್ಟಳು.